ಎರಡು ಇಳಿಜಾರು ಕೂಡುವ ಗೆರೆ: ಹೊಂಡದ ಗ್ರೇಡಿಂಗ್ ಬಗ್ಗೆ ಒಂದು ಮಾತು

ಹೊಂಡದ ತಳದ ಗೆರೆ ಆಯ್ದು, 3:1 ಇಳಿಜಾರು ಕೊಟ್ಟು, ಏರಿಯ ಲೆವೆಲ್ ಹೊಡೆದರೆ ಸಾಕು, ನೆಲದ ವಿನ್ಯಾಸದ ಸಾಫ್ಟ್‌ವೇರ್ ಆದ ಸಿವಿಲ್ 3ಡಿ ಕ್ಷಣದಲ್ಲಿ ದಡ ಎಬ್ಬಿಸಿ ತೋರಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಹೊಂಡ ಇದ್ದರೆ ಅದಕ್ಕೂ ಅಷ್ಟೇ ಚುರುಕಾಗಿ ಎಬ್ಬಿಸುತ್ತದೆ. ನಡುವೆ ಜಾಗ ಸಾಲದೆ ಒಂದು ದಡ ಇನ್ನೊಂದರ ಮೈಮೇಲೆ ಹತ್ತಿದಾಗ ಮಾತ್ರ ಅದು ಕೈಬಿಡುತ್ತದೆ. ಹೀಗೆ ಗೆರೆಯಿಂದ ಇಳಿಜಾರು ಎಬ್ಬಿಸುವ ಗ್ರೇಡಿಂಗ್ ಆಬ್ಜೆಕ್ಟ್‌ಗೆ ಗೊತ್ತಿರುವುದು ಎಲ್ಲಿಂದ ಹೊರಡಬೇಕು, ಎಲ್ಲಿಗೆ ಮುಟ್ಟಬೇಕು ಎಂಬುದಷ್ಟೇ. ದಾರಿಯಲ್ಲಿ ಎದುರಾಗುವ ಇನ್ನೊಂದು ಇಳಿಜಾರು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎರಡು ಇಳಿಜಾರು ಕೂಡುವ ಗೆರೆಯನ್ನು ನಾವೇ ಹುಡುಕಿ, ಬ್ರೇಕ್‌ಲೈನ್ (ತ್ರಿಕೋನಗಳು ದಾಟಬಾರದ ಗೆರೆ) ಮಾಡಿ, ಸರ್ಫೇಸ್‌ಗೆ (ತ್ರಿಕೋನಗಳಿಂದ ಹೆಣೆದ ನೆಲದ ಮೈಗೆ) ಕೊಡಬೇಕು. ಆ ಗೆರೆ ಎಲ್ಲೆಲ್ಲಿ ಅಡಗಿ ಕೂತಿರುತ್ತದೆ, ಅದನ್ನು ಹೇಗೆ ಹಿಡಿಯುವುದು ಎಂಬುದನ್ನು ಈವತ್ತು ಅಂಕಿಗಳನ್ನು ಇಟ್ಟುಕೊಂಡೇ ನೋಡೋಣ.

ಮೊದಲು ಬರಹದ ಪದ್ಧತಿ. ಇಲ್ಲಿ 3:1 ಅಂದರೆ ಅಡ್ಡಕ್ಕೆ 3 ಮೀಟರ್ ಹೋದಾಗ ಎತ್ತರ 1 ಮೀಟರ್. ಸಿವಿಲ್ 3ಡಿಯಲ್ಲಿ ಸ್ಲೋಪ್ ಎಂದು ಕೇಳಿದಲ್ಲಿ 3 ಎಂದು ಕೊಡಬೇಕು, ಗ್ರೇಡ್ ಎಂದು ಕೇಳಿದಲ್ಲಿ 33.33 ಎಂದು ಕೊಡಬೇಕು. ಗ್ರೇಡ್ ಕೇಳಿದ ಕಡೆ 3 ಎಂದು ಹೊಡೆದರೆ ದಡದ ಬದಲು ಬಯಲು ಬರುತ್ತದೆ. 2.5 ಮೀಟರ್ ಏರಲು 83 ಮೀಟರ್ ಓಡಿರುತ್ತದೆ.

ಉದಾಹರಣೆಗೆ ಒಂದು ಬಡಾವಣೆಯ ತಗ್ಗಿನ ತುದಿಯಲ್ಲಿ ಮಳೆನೀರು ತಡೆದು ನಿಲ್ಲಿಸುವ ಹೊಂಡ ಮಾಡಬೇಕಿದೆ ಎಂದುಕೊಳ್ಳಿ. ನೀರು ಮೊದಲು ಒಂದು ಚಿಕ್ಕ ಹೂಳುಗುಂಡಿಗೆ ಬಂದು, ಮಣ್ಣು ಕೆಳಗೆ ಕೂತ ಮೇಲೆ ನಡುವಿನ ಏರಿ ದಾಟಿ ದೊಡ್ಡ ಹೊಂಡಕ್ಕೆ ಹೋಗಬೇಕು. ದೊಡ್ಡ ಹೊಂಡದ ತಳ 40 ಮೀ × 24 ಮೀ, ಲೆವೆಲ್ 892.00. ಹೂಳುಗುಂಡಿಯ ತಳ 893.00. ಹೊರ ಏರಿಯ ತಲೆ 894.50, ನಡುವಿನ ಏರಿಯ ತಲೆ 894.00. ಎರಡಕ್ಕೂ ತಲೆಯ ಅಗಲ 3 ಮೀಟರ್. ಒಳದಡಗಳೆಲ್ಲ 3:1, ಹೊರಮೈ 2:1.

ನಡುವಿನ ಏರಿಯನ್ನು ಹತ್ತಿರದಿಂದ ನೋಡಿ. ದೊಡ್ಡ ಹೊಂಡದ ಕಡೆ ಏರಬೇಕಾದ್ದು 2 ಮೀಟರ್, ಅಡ್ಡಕ್ಕೆ 6 ಮೀಟರ್ ಬೇಕು. ಹೂಳುಗುಂಡಿಯ ಕಡೆ 1 ಮೀಟರ್ ಏರು, ಅಡ್ಡಕ್ಕೆ 3 ಮೀಟರ್. ತಲೆಗೆ 3 ಮೀಟರ್. ಒಟ್ಟು 12 ಮೀಟರ್ ಅಂತರ ಇದ್ದರೆ ಎಲ್ಲವೂ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಸೈಟಿನ ಗಡಿ ಓರೆಯಾಗಿದೆ. ಎರಡು ತಳಗಳ ನಡುವಿನ ಅಂತರ ಒಂದು ತುದಿಯಲ್ಲಿ 12 ಮೀಟರ್, ಇನ್ನೊಂದು ತುದಿಗೆ ಹೋಗುವಾಗ 7 ಮೀಟರ್. ಅಂತರ 9ಕ್ಕೆ ಇಳಿದ ಜಾಗದಲ್ಲಿ ಎರಡೂ ಇಳಿಜಾರು 894.00 ಲೆವೆಲ್ಲಿನಲ್ಲೇ ಮುಟ್ಟಿಕೊಳ್ಳುತ್ತವೆ, ತಲೆಯ ಅಗಲ ಸೊನ್ನೆ. ಅಲ್ಲಿಂದ ಮುಂದೆ ಏರಿ ತನ್ನ ಲೆವೆಲ್ ಮುಟ್ಟುವುದೇ ಇಲ್ಲ. ಅಂತರ 8 ಇದ್ದಲ್ಲಿ ನೆತ್ತಿ 893.83, 7 ಇದ್ದಲ್ಲಿ 893.67. ಓರೆ ಚಿಕ್ಕದಾದ್ದರಿಂದ ಅಂದಾಜಿಗೆ ಈ ಲೆಕ್ಕ ಸಾಕು.

ಸಾಫ್ಟ್‌ವೇರ್ ಇದನ್ನು ಹೇಳುವುದಿಲ್ಲ. ಎರಡೂ ಗ್ರೇಡಿಂಗ್‌ಗೆ 894.00 ಗುರಿ ಕೊಟ್ಟಿದ್ದೇವೆ, ಎರಡೂ ಮುಟ್ಟಿವೆ, ಪ್ಲಾನಿನಲ್ಲಿ ಮಾತ್ರ ಒಂದರ ಮೇಲ್ಗೆರೆ ಇನ್ನೊಂದರ ದಡದೊಳಗೆ ನುಗ್ಗಿದೆ. ಎರಡನ್ನೂ ಒಂದೇ ಸರ್ಫೇಸ್‌ಗೆ ಸೇರಿಸಿದರೆ ತ್ರಿಕೋನಗಳು ಈ ಗೆರೆಯಿಂದ ಆ ಗೆರೆಗೆ ಹಾರಿ, ಏರಿ 894.00ಕ್ಕೆ ಇದೆ ಎಂದೇ ತೋರಿಸಬಹುದು. ಡ್ರಾಯಿಂಗ್ ನಂಬಿ ಕಲ್ಲು ಪಿಚಿಂಗನ್ನು (ಮಣ್ಣು ಕೊಚ್ಚದಂತೆ ಹಾಸುವ ಕಲ್ಲುಗಳನ್ನು) ಅಗಲದ ತುದಿಯಲ್ಲಿ ಮಾಡಿರುತ್ತೇವೆ, ನೀರು 33 ಸೆಂಟಿಮೀಟರ್ ತಗ್ಗಿರುವ ಚೂಪು ತುದಿಯಲ್ಲಿ ಹೊರಳುತ್ತದೆ. ಬರಿಮಣ್ಣಿನ ಚೂಪು ನೆತ್ತಿ ಒಂದೆರಡು ಮಳೆಗೇ ಕೊಚ್ಚಿಹೋಗುತ್ತದೆ, ಹೂಳುಗುಂಡಿ ಇದ್ದೂ ಇಲ್ಲದಂತಾಗುತ್ತದೆ.

ಈಗ ಹಿಡಿಯುವ ಬಗೆ. ಎರಡು ತಳದ ಗೆರೆಗಳನ್ನು ಬೇರೆ ಬೇರೆ ಫೀಚರ್ ಲೈನ್ (ಬಿಂದುಬಿಂದುವಿಗೂ ಲೆವೆಲ್ ಇರುವ ಗೆರೆ) ಮಾಡಿ, ಬೇರೆ ಬೇರೆ ಸೈಟಿನಲ್ಲಿ (ಇದು ಜಾಗವಲ್ಲ, ಸಾಫ್ಟ್‌ವೇರ್ ಗೆರೆಗಳನ್ನು ಗುಂಪು ಮಾಡಿಡುವ ವಿಭಾಗ) ಇಡಿ. ಪ್ರತಿಯೊಂದನ್ನೂ ಸ್ಟೆಪ್ಡ್ ಆಫ್‌ಸೆಟ್‌ನಿಂದ (ಗೆರೆಯನ್ನು ಅಡ್ಡಕ್ಕೂ ಮೇಲಕ್ಕೂ ಸರಿಸಿ ನಕಲಿಸುವ ಆಜ್ಞೆಯಿಂದ) ಬೇಕಾದ್ದಕ್ಕಿಂತ ಎತ್ತರಕ್ಕೆ ಏರಿಸಿ. ದೊಡ್ಡ ಹೊಂಡಕ್ಕೆ 9 ಮೀಟರ್ ಅಡ್ಡ, 3 ಮೀಟರ್ ಮೇಲೆ, ಅಂದರೆ 895.00. ಹೂಳುಗುಂಡಿಗೆ 6 ಮೀಟರ್ ಅಡ್ಡ, 2 ಮೀಟರ್ ಮೇಲೆ, ಅದೂ 895.00. ಬೇಕೆಂದೇ ಹೆಚ್ಚು ಏರಿಸುವುದು, ಎರಡು ಮೈಗಳು ನಿಜವಾಗಿಯೂ ಒಂದನ್ನೊಂದು ದಾಟಬೇಕು ಎಂಬ ಕಾರಣಕ್ಕೆ. ಅಂಚಿಗಂಚು ಮುಟ್ಟುವಂತೆ ಮಾಡಿದರೆ ಛೇದದ ಗೆರೆ ತುಂಡು ತುಂಡಾಗಿ ಸಿಗುತ್ತದೆ. ತಳದ ಗೆರೆ ಮತ್ತು ಮೇಲ್ಗೆರೆ ಬ್ರೇಕ್‌ಲೈನ್, ಮೇಲ್ಗೆರೆಯೇ ಹೊರ ಬೌಂಡರಿ. ಹೀಗೆ ಎರಡು ಸರ್ಫೇಸ್ ಸಿದ್ಧವಾಗುತ್ತವೆ.

ಇವೆರಡರಿಂದ ಒಂದು ಟಿನ್ ವಾಲ್ಯೂಮ್ ಸರ್ಫೇಸ್ ಮಾಡಿ. ಮಣ್ಣಿನ ಲೆಕ್ಕಕ್ಕೆ ಬಳಸುವ ಅದೇ ಸರ್ಫೇಸ್ ಇಲ್ಲಿ ಬೇರೆ ಕೆಲಸಕ್ಕೆ ಬರುತ್ತದೆ. ಅದರ ಪ್ರತಿ ಬಿಂದುವಿನ ಎತ್ತರ ಎಂದರೆ ಎರಡು ಮೈಗಳ ಲೆವೆಲ್ ವ್ಯತ್ಯಾಸ. ವ್ಯತ್ಯಾಸ ಸೊನ್ನೆ ಇರುವ ಕಾಂಟೂರೇ (ಸಮ ಎತ್ತರದ ಗೆರೆಯೇ) ನಮಗೆ ಬೇಕಾದ ಗೆರೆ. ಸ್ಟೈಲ್‌ನಲ್ಲಿ ಕಾಂಟೂರ್ ಹೊತ್ತಿಸಿ, 0ಯ ಕಾಂಟೂರನ್ನು ಹೊರತೆಗೆದು, ಫೀಚರ್ ಲೈನ್ ಮಾಡಿ, ದೊಡ್ಡ ಹೊಂಡದ ಸರ್ಫೇಸ್‌ನಿಂದ ಲೆವೆಲ್ ಕೊಡಿ. ಲೆವೆಲ್ ಕೊಡುವಾಗ ನಡುವಿನ ಗ್ರೇಡ್ ಬ್ರೇಕ್ ಬಿಂದುಗಳನ್ನೂ (ಇಳಿಜಾರು ಬದಲಾಗುವ ಬಿಂದುಗಳನ್ನೂ) ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಆಮೇಲೆ ಅದೇ ಗೆರೆಯ ನಾಲ್ಕಾರು ಬಿಂದುಗಳಲ್ಲಿ ಹೂಳುಗುಂಡಿಯ ಸರ್ಫೇಸ್ ಲೆವೆಲ್ ಓದಿ ನೋಡಿ. ಒಂದು ಸೆಂಟಿಮೀಟರಿನೊಳಗೆ ತಾಳೆಯಾಗಬೇಕು. ಆಗದಿದ್ದರೆ ಯಾವುದೋ ಸರ್ಫೇಸ್‌ನಲ್ಲಿ ತ್ರಿಕೋನ ತಪ್ಪಿ ಕೂತಿದೆ ಎಂದೇ ಅರ್ಥ.

ಈ ನೆತ್ತಿಗೆರೆ 894.00 ದಾಟುವ ಬಿಂದು ತುಂಬ ಮುಖ್ಯ. ಎರಡು ದಡ ಮತ್ತು ಏರಿಯ ಚಪ್ಪಟೆ ತಲೆ, ಹೀಗೆ ಮೂರು ಮೈಗಳು ಅಲ್ಲೊಂದೇ ಜಾಗದಲ್ಲಿ ಕೂಡುತ್ತವೆ. ಅಲ್ಲೊಂದು ಬಿಂದು ಸೇರಿಸಿ, ಅದರ ಮೇಲೆ ಹೋದ ಗೆರೆಯನ್ನು ಕತ್ತರಿಸಿ, ಎರಡೂ ದಡದ 894.00ರ ಗೆರೆಗಳನ್ನು ಆ ಬಿಂದುವಿಗೇ ತಂದು ನಿಲ್ಲಿಸಿ. ಕೊನೆಯ ಸರ್ಫೇಸ್‌ಗೆ ಹೋಗಬೇಕಾದ್ದು ತಳದ ಗೆರೆಗಳು, ತಲೆಯ ಎರಡು ಅಂಚುಗಳು, ಈ ನೆತ್ತಿಗೆರೆ ಮಾತ್ರ. ಹೆಚ್ಚು ಏರಿಸಿದ ಗೆರೆಗಳು ಅಲ್ಲಿ ಇರಲೇಕೂಡದು.

ಯಾವ ಮೈ ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಗೊಂದಲವಾಗುವುದು ಸಹಜ. ಮಣ್ಣನ್ನೇ ಕೇಳಿದರೆ ಉತ್ತರ ಸಿಗುತ್ತದೆ. ಕಡಿಯುವ ಕಡೆ ಎರಡರಲ್ಲಿ ತಗ್ಗಿನದು ಉಳಿಯುತ್ತದೆ, ಏಕೆಂದರೆ ಒಮ್ಮೆ ಕಡಿದು ತೆಗೆದ ಮಣ್ಣು ಇನ್ನೊಂದು ಇಳಿಜಾರಿಗಾಗಿ ವಾಪಸ್ ಬಂದು ಕೂರುವುದಿಲ್ಲ. ತುಂಬುವ ಕಡೆ ಎತ್ತರದ್ದು ಉಳಿಯುತ್ತದೆ. ಹೊರ ಏರಿಯ 2:1 ಮೈ ಪಕ್ಕದ ರಸ್ತೆಯ ಏರಿಮೈಯನ್ನು ಸಂಧಿಸಿದರೆ ಅಲ್ಲಿ ಕಣಿವೆಗೆರೆ ಹುಟ್ಟುತ್ತದೆ, ಅದರ ಎರಡೂ ಬದಿಯಲ್ಲಿ ಮೇಲಿರುವ ಮೈ ನಿಜವಾದದ್ದು. ಆ ಕಣಿವೆಗೆರೆಯೇ ಮಳೆನೀರಿನ ದಾರಿ. ಅಲ್ಲೊಂದು ಮೋರಿ ಬೇಕೇ ಎಂದು ಆಗಲೇ ಯೋಚಿಸಬೇಕು. ಪೇಸ್ಟ್ ಸರ್ಫೇಸ್ (ಒಂದು ಸರ್ಫೇಸನ್ನು ಇನ್ನೊಂದರ ಮೇಲೆ ಅಂಟಿಸುವ ಆಜ್ಞೆ) ಬಳಸುವವರು ಒಂದು ನೆನಪಿಡಿ: ಕೊನೆಗೆ ಪೇಸ್ಟ್ ಮಾಡಿದ್ದೇ ಗೆಲ್ಲುತ್ತದೆ, ತಗ್ಗೋ ಎತ್ತರವೋ ಅದಕ್ಕೆ ಗೊತ್ತಿಲ್ಲ. ಪೇಸ್ಟ್ ಮಾಡುವ ಮೊದಲು ಛೇದಗೆರೆಯನ್ನೇ ಬೌಂಡರಿ ಮಾಡಿ ಕತ್ತರಿಸಿಟ್ಟಿರಬೇಕು.

ಗೆರೆ ಸಿಕ್ಕಿದ ಮೇಲೆ ವಿನ್ಯಾಸದ ತೀರ್ಮಾನ ಉಳಿಯುತ್ತದೆ. 3 ಮೀಟರ್ ತಲೆ ಉದ್ದಕ್ಕೂ ಬೇಕೇ ಬೇಕು ಎಂದಾದರೆ, ಬೇಕಾದ ಅಂತರ ಎಂದರೆ ಎರಡು ಬದಿಯ ಎತ್ತರಗಳ ಮೊತ್ತವನ್ನು ಇಳಿಜಾರಿನಿಂದ ಗುಣಿಸಿ ತಲೆಯ ಅಗಲ ಕೂಡಿಸಿದ್ದು. ಇಲ್ಲಿ ಎತ್ತರಗಳ ಮೊತ್ತ 3. ಪಿಚಿಂಗ್ ಮಾಡಿ 2:1 ಇಟ್ಟರೆ 9 ಮೀಟರ್ ಸಾಕು. 7 ಮೀಟರಿಗೆ ಹೊಂದಿಸಲು ಹೋದರೆ 1.33:1 ಬರುತ್ತದೆ, ಅದನ್ನು ಮಣ್ಣಿನ ದಡವಾಗಿ ಬಿಡುವುದು ಸರಿಯಲ್ಲ. ಅಲ್ಲಿ ತಡೆಗೋಡೆ ಕಟ್ಟಬೇಕು, ಇಲ್ಲವೇ ಹೂಳುಗುಂಡಿಯ ತಳವನ್ನೇ ಹಿಂದಕ್ಕೆ ಸರಿಸಬೇಕು. ಜಾಗ ಇದ್ದರೆ ಸರಿಸುವುದೇ ಮೇಲು. ತಡೆಗೋಡೆ ಇಟ್ಟರೆ ಅದರ ಮೇಲಂಚು ಮತ್ತು ಬುಡದ ಗೆರೆಗಳ ನಡುವೆ ಪ್ಲಾನಿನಲ್ಲಿ ಒಂದು ಸೆಂಟಿಮೀಟರ್ ಬಿಡಿ. ಸರ್ಫೇಸ್‌ನಲ್ಲಿ ಒಂದೇ ಬಿಂದುವಿಗೆ ಎರಡು ಲೆವೆಲ್ ಇರಲಾರದು.

ಕೋಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೆರೆಗಳಲ್ಲಿ ಏರಿ, ತೂಬು, ಕೋಡಿ ಈ ಮೂರನ್ನೂ ಬೇರೆ ಬೇರೆ ಹೆಸರಿಟ್ಟು ಕರೆದದ್ದು ಸುಮ್ಮನಲ್ಲ, ಒಂದೊಂದರ ರೂಪವೂ ಬೇರೆ. ಮಾದರಿಯಲ್ಲಿ ಮಾತ್ರ ಕೋಡಿಯನ್ನು ಏರಿಯ ಮೇಲೊಂದು ಆಯತ ಬರೆದು ಲೆವೆಲ್ ಇಳಿಸಿ ಮುಗಿಸುವುದನ್ನು ಬಹಳ ಕಡೆ ನೋಡುತ್ತೇವೆ. ಅದು ತಪ್ಪು. ಹೊರ ಏರಿಯ ತಲೆ 894.50, ಕೋಡಿಯ ಹಾಸು 894.00, ಅಗಲ 4 ಮೀಟರ್, ಪಕ್ಕದ ಇಳಿಜಾರು 3:1 ಎಂದಿಟ್ಟುಕೊಳ್ಳಿ. ಹಾಸು 894.00ಕ್ಕೆ ಇಳಿದಾಗ ಅದು ತಲೆಯ ಅಂಚಿಗೇ ನಿಲ್ಲುವುದಿಲ್ಲ. ಒಳದಡ 3:1 ಆದ್ದರಿಂದ ಆ ಕಡೆ 1.5 ಮೀಟರ್ ಮುಂದೆ ಹೋಗಿ ದಡವನ್ನು ಮುಟ್ಟುತ್ತದೆ, ಹೊರಮೈ 2:1 ಆದ್ದರಿಂದ ಈ ಕಡೆ 1 ಮೀಟರ್. ನೀರು ಹರಿಯುವ ದಿಕ್ಕಿನಲ್ಲಿ ಹಾಸಿನ ಉದ್ದ 3 ಅಲ್ಲ, 5.5 ಮೀಟರ್. ಕಾಂಕ್ರೀಟಿನ ಅಳತೆಯೂ ಅಷ್ಟೇ ಆಗಬೇಕು.

ಮೂಲೆಗೆರೆಗಳನ್ನೂ ನೋಡಿ. ಕೋಡಿಯ ಪಕ್ಕದ ಇಳಿಜಾರು ಮೇಲೆ 1.5 ಮೀಟರ್ ಅಗಲವಾಗಿ ತೆರೆದುಕೊಳ್ಳುತ್ತದೆ. ಒಳಗಡೆ ಎರಡೂ 3:1, ಹಾಗಾಗಿ ಮೂಲೆಗೆರೆ 45 ಡಿಗ್ರಿಯಲ್ಲಿ ಓಡುತ್ತದೆ. ಹೊರಗಡೆ ಒಂದು 3:1, ಇನ್ನೊಂದು 2:1, ಗೆರೆ ಏರಿಯುದ್ದಕ್ಕೆ 1.5 ಹೋದರೆ ಅಡ್ಡಕ್ಕೆ 1 ಹೋಗುತ್ತದೆ. ಇಳಿಜಾರು ಸಮವಿದ್ದು ಹೊರಟ ಅಂಚುಗಳು ಮಟ್ಟವಾಗಿದ್ದಾಗ ಮಾತ್ರ ಛೇದಗೆರೆ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಕಣ್ಣಂದಾಜಿಗೆ 45 ಡಿಗ್ರಿ ಎಳೆದರೆ ಹೊರಮೈಯ ಕಡೆ ತಪ್ಪುತ್ತದೆ. ಈ ನಾಲ್ಕು ಮೂಲೆಗೆರೆಗಳನ್ನು ಕೈಯಿಂದಲೇ ಫೀಚರ್ ಲೈನ್ ಆಗಿ ಬರೆಯುವುದು ಎಲ್ಲಕ್ಕಿಂತ ಸುಲಭ. ಎಂಟು ಬಿಂದು, ಹತ್ತು ನಿಮಿಷದ ಕೆಲಸ.

ಇನ್ನು ಹೊಂಡದ ಮೂಲೆಗಳು. ಮೇಲಿನ ಅಂಚು ಬರೆದು ಅದಕ್ಕೆ 5 ಮೀಟರ್ ರೇಡಿಯಸ್ ಕೊಟ್ಟು ಕೆಳಕ್ಕೆ ಇಳಿಸುವ ಅಭ್ಯಾಸವಿದೆ. 2.5 ಮೀಟರ್ ಆಳಕ್ಕೆ 3:1 ದಡ 7.5 ಮೀಟರ್ ಒಳಗೆ ಬರುತ್ತದೆ. 5ರಲ್ಲಿ 7.5 ಹೋಗಲಾರದು. ವೃತ್ತದ ಕೇಂದ್ರ ದಾಟಿ ಗೆರೆಗಳು ತಿರುಗಿ ಹೆಣೆದುಕೊಂಡು ಗಂಟಾಗುತ್ತವೆ. ಅದಕ್ಕೇ ತಳದಿಂದ ಮೇಲಕ್ಕೆ ಹೋಗಿ. ತಳದಲ್ಲಿ 3 ಮೀಟರ್ ರೇಡಿಯಸ್ ಇಟ್ಟರೆ ಮೇಲೆ ತಾನಾಗಿ 10.5 ಆಗುತ್ತದೆ, ಎಲ್ಲೂ ಗಂಟಿಲ್ಲ. ಮೇಲಂಚೇ ಗಟ್ಟಿ ನಿಂತಿರಬೇಕಾದ ಸೈಟಾದರೆ ಅಲ್ಲಿಯ ರೇಡಿಯಸ್ 7.5ಕ್ಕಿಂತ ಹೆಚ್ಚಿಡಿ, ಇಲ್ಲವೇ ಮೂಲೆಯನ್ನು ಚೌಕವಾಗಿಯೇ ಬಿಡಿ. ಗ್ರೇಡಿಂಗ್ ಕ್ರೈಟೀರಿಯಾದಲ್ಲಿ (ಇಳಿಜಾರಿನ ನಿಯಮಗಳ ಪಟ್ಟಿಯಲ್ಲಿ) ಒಳಮೂಲೆಗಳಿಗೆಂದೇ ಒಂದು ಆಯ್ಕೆ ಇದೆ: ಸರಾಸರಿ ಇಳಿಜಾರು ಬಳಸು, ಕೊಟ್ಟದ್ದನ್ನು ಗರಿಷ್ಠವೆಂದು ಹಿಡಿ, ಕನಿಷ್ಠವೆಂದು ಹಿಡಿ. 3:1ಕ್ಕಿಂತ ಕಡಿದಾಗಬಾರದು ಎಂಬ ಷರತ್ತು ಇರುವ ಹೊಂಡಕ್ಕೆ ಸರಾಸರಿಯಲ್ಲಿ ಬಿಡಬೇಡಿ.

ತಳದ ಮೂಲೆ ಚೌಕವಾಗಿದ್ದು ಮೇಲೆ ದುಂಡಗೆ ತೆರೆದುಕೊಂಡಾಗ ಇನ್ನೊಂದು ಸೂಕ್ಷ್ಮ ಇದೆ. ಸರ್ಫೇಸ್‌ಗೆ ಕಮಾನು ಗೊತ್ತಿಲ್ಲ, ಅದನ್ನು ನೇರ ತುಂಡುಗಳಾಗಿ ಮುರಿಯುತ್ತದೆ. ಎಷ್ಟು ತುಂಡು ಎಂಬುದನ್ನು ಬ್ರೇಕ್‌ಲೈನ್ ಸೇರಿಸುವ ಪೆಟ್ಟಿಗೆಯ ಮಿಡ್-ಆರ್ಡಿನೇಟ್ ಡಿಸ್ಟೆನ್ಸ್ (ಕಮಾನಿಗೂ ನೇರ ತುಂಡಿಗೂ ನಡುವೆ ಬಿಡಬಹುದಾದ ಅಂತರ) ನಿರ್ಧರಿಸುತ್ತದೆ. ಮೀಟರ್ ಕಡತದಲ್ಲಿ ಅದು 1 ಎಂದೇ ಉಳಿದಿದ್ದರೆ 7.5 ಮೀಟರ್ ರೇಡಿಯಸ್‌ನ ಕಾಲು ವೃತ್ತ ಎರಡೇ ತುಂಡಾಗಬಹುದು. ಆಗ ಮೂಲೆಯ ದಡ 3:1 ಹೋಗಿ 2.77:1 ಆಗುತ್ತದೆ. ಒಂದೇ ತುಂಡಾದರೆ 2.12:1. ಅಲ್ಲಿ 0.01 ಎಂದು ಕೊಡಿ. ತ್ರಿಕೋನ ಹೆಚ್ಚಾಗುತ್ತವೆ, ಅದರಿಂದ ಏನೂ ನಷ್ಟವಿಲ್ಲ.

ರ‍್ಯಾಂಪ್ ಬಗ್ಗೆಯೂ ಹೇಳಬೇಕು, ಹೂಳು ತೆಗೆಯಲು ಜೆಸಿಬಿ ಇಳಿಯದ ಹೊಂಡ ಕೆಲವೇ ವರ್ಷದಲ್ಲಿ ತುಂಬಿಹೋಗುತ್ತದೆ. 2.5 ಮೀಟರ್ ಇಳಿಯಲು ಶೇಕಡ 10ರಲ್ಲಿ 25 ಮೀಟರ್ ಬೇಕು. ನೇರ ಒಳಕ್ಕೆ ಬಿಟ್ಟರೆ 17.5 ಮೀಟರ್ ಹೊಂಡದ ತಳದ ಮೇಲೆ ಮಣ್ಣು ತುಂಬಿ ನಿಲ್ಲುತ್ತದೆ, ನೀರಿನ ಜಾಗ ಹೋಗುತ್ತದೆ. ಉದ್ದದ ದಡದ ಮೈಮೇಲೇ ಓರೆಯಾಗಿ ಇಳಿಸುವುದು ಒಳ್ಳೆಯದು. ರ‍್ಯಾಂಪಿನ ದಡದ ಕಡೆಯ ಅಂಚು 23.85 ಮೀಟರ್ ಉದ್ದಕ್ಕೆ ಹೋಗುತ್ತ 7.5 ಮೀಟರ್ ಒಳಕ್ಕೆ ಸರಿದರೆ, ಅದು ಪೂರ್ತಿ ದಡದ ಮೈಮೇಲೇ ಕೂತು ಸರಿಯಾಗಿ ಶೇಕಡ 10ರಲ್ಲಿ ಇಳಿಯುತ್ತದೆ. ತೊಡಕು ಇರುವುದು ಇನ್ನೊಂದು ಅಂಚಿನಲ್ಲಿ. ರ‍್ಯಾಂಪ್ 4 ಮೀಟರ್ ಅಗಲ, ಮೇಲ್ತುದಿಯಲ್ಲಿ ಆ ಅಂಚಿನ ಕೆಳಗೆ ದಡ ಸುಮಾರು 1.3 ಮೀಟರ್ ತಗ್ಗಿದೆ. ಅಂಚಿನಿಂದ 2:1 ಇಳಿಜಾರು ಬಿಟ್ಟರೆ, ದಡವೂ ಅದೇ ದಿಕ್ಕಿಗೆ 3:1ರಲ್ಲಿ ಇಳಿಯುತ್ತಿರುವುದರಿಂದ, ಎರಡೂ ಕೂಡಲು ಇನ್ನೂ 7-8 ಮೀಟರ್ ಬೇಕು. ಅಷ್ಟರೊಳಗೆ ದಡವೇ ಮುಗಿದಿರುತ್ತದೆ, ಇಳಿಜಾರು ತಳವನ್ನು ಮುಟ್ಟಿ ನಿಲ್ಲಬೇಕು. ಗುರಿ ಸರ್ಫೇಸ್‌ನಲ್ಲಿ ದಡ ಮಾತ್ರ ಇದ್ದು ತಳ ಇಲ್ಲದಿದ್ದರೆ ಗ್ರೇಡಿಂಗ್ ಅಲ್ಲಿ ಗುರಿ ಕಾಣದೆ ಸೋಲುತ್ತದೆ. ಅಂಚಿನಿಂದಲೂ 3:1 ಬಿಟ್ಟರೆ ಹೆಚ್ಚುಕಡಿಮೆ ಎರಡು ಸಮಾಂತರ ಮೈಗಳು, ದಡ ಮುಗಿಯುವುದರೊಳಗೆ ಕೂಡುವುದಿಲ್ಲ.

ಹೊರ ಏರಿಯಿಂದ ನೆಲಕ್ಕೆ ಇಳಿಯುವ ಕೊನೆಯ ಇಳಿಜಾರಿಗೆ ಮಾತ್ರ ಗ್ರೇಡಿಂಗ್ ಆಬ್ಜೆಕ್ಟ್ ಬಳಸುವುದು ಸೂಕ್ತ, ಕಡಿತಕ್ಕೆ ಒಂದು, ತುಂಬಕ್ಕೆ ಒಂದು ಇಳಿಜಾರು ಹಿಡಿದು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೊಂದು ಪ್ರತ್ಯೇಕ ಸೈಟ್ ಕೊಡಿ. ನೆಲ ಶೇಕಡ 5ರಲ್ಲಿ ಹೊರಕ್ಕೆ ಇಳಿಯುತ್ತಿದ್ದರೆ 1.5 ಮೀಟರ್ ಎತ್ತರದ ತುಂಬದ ಬುಡ 3 ಮೀಟರಿಗೆ ಬದಲು 3.33 ಮೀಟರಿಗೆ ಹೋಗಿ ಬೀಳುತ್ತದೆ. ಆಚೆ ರಾಜಕಾಲುವೆಯ ಅಂಚೋ ಪಕ್ಕದವರ ಜಮೀನೋ ಇದ್ದರೆ ಆ 33 ಸೆಂಟಿಮೀಟರೇ ತಕರಾರಾಗುತ್ತದೆ.

ಸೈಟಿನ ಮಾತು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಕಾರಣವಿದೆ. ಒಂದೇ ಸೈಟಿನಲ್ಲಿ ಎರಡು ಫೀಚರ್ ಲೈನ್ ಒಂದನ್ನೊಂದು ದಾಟಿದರೆ ದಾಟಿದ ಜಾಗದಲ್ಲಿ ಎರಡಕ್ಕೂ ಒಂದೇ ಲೆವೆಲ್. ಸ್ಟೈಲಿನ ಆದ್ಯತೆ ಸಮವಾಗಿದ್ದರೆ ಕೊನೆಗೆ ತಿದ್ದಿದ ಗೆರೆ ಗೆಲ್ಲುತ್ತದೆ. ಬೆಳಿಗ್ಗೆ ಸರಿಯಿದ್ದ ತಳ ಮಧ್ಯಾಹ್ನ ರ‍್ಯಾಂಪ್ ತಿದ್ದಿದ ಮೇಲೆ ಉಬ್ಬಿರುವುದು ಹೀಗೆ. ಸರ್ಫೇಸ್‌ನಲ್ಲೂ ಇಂಥದ್ದೇ ಬಲೆ ಇದೆ. ಬ್ರೇಕ್‌ಲೈನ್‌ಗಳು ಬೇರೆ ಬೇರೆ ಲೆವೆಲ್ಲಿನಲ್ಲಿ ದಾಟಿದರೆ ಈವೆಂಟ್ ವ್ಯೂವರ್ (ಎಚ್ಚರಿಕೆಗಳನ್ನು ತೋರಿಸುವ ಕಿಟಕಿ) ದೂರುತ್ತದೆ. ದೂರು ತಪ್ಪಿಸಲು ದಾಟಲು ಅನುಮತಿ ಕೊಟ್ಟು, ಸರಾಸರಿ ಲೆವೆಲ್ ತಗೋ ಎಂದು ಹೇಳಿಬಿಡುತ್ತೇವೆ. ಆ ಸರಾಸರಿ ಎರಡು ಇಳಿಜಾರಿನಲ್ಲಿ ಯಾವುದರ ಮೇಲೂ ಇರುವುದಿಲ್ಲ. ದೂರು ಬಂದ ಜಾಗವೇ ಛೇದಗೆರೆ ಕಾಣೆಯಾದ ಜಾಗ, ಅಲ್ಲಿಗೆ ಹೋಗಿ ಗೆರೆ ಸರಿಪಡಿಸಿ.

ಕೊನೆಗೆ ನೀರಿನ ಲೆಕ್ಕ. ಕೈಲೆಕ್ಕ ಇಲ್ಲದೆ ಸ್ಟೇಜ್ ಸ್ಟೋರೇಜ್ ಪಟ್ಟಿ (ಯಾವ ಲೆವೆಲ್‌ಗೆ ಎಷ್ಟು ನೀರು ಎಂಬ ಪಟ್ಟಿ) ನಂಬಬೇಡಿ. ಚೌಕ ಮೂಲೆಯ ದೊಡ್ಡ ಹೊಂಡ ತಳದಲ್ಲಿ 960 ಚದರ ಮೀಟರ್, ಮಧ್ಯದಲ್ಲಿ 47.5 × 31.5, ಮೇಲೆ 55 × 39. ಮಧ್ಯದ ವಿಸ್ತೀರ್ಣವನ್ನೂ ಲೆಕ್ಕಕ್ಕೆ ಹಿಡಿಯುವ ಪ್ರಿಸ್ಮಾಯ್ಡಲ್ ಸೂತ್ರದಲ್ಲಿ 3787.5 ಘನ ಮೀಟರ್. ತಳ ಮತ್ತು ತಲೆಯ ಸರಾಸರಿ ಹಿಡಿದು ಒಂದೇ ಹೆಜ್ಜೆಯಲ್ಲಿ ಮಾಡಿದರೆ 3881.25, ಸುಮಾರು 94 ಘನ ಮೀಟರ್ ಇಲ್ಲದ ನೀರು. 0.25 ಮೀಟರ್ ಹೆಜ್ಜೆ ಇಟ್ಟರೆ ಅದೇ ಸರಾಸರಿ ವಿಧಾನದ ತಪ್ಪು ಒಂದು ಘನ ಮೀಟರಿಗೂ ಕಡಿಮೆ. ಆದರೆ ಮೂಲೆಗಳನ್ನು ತಳದಲ್ಲಿ 3 ಮೀಟರ್ ರೇಡಿಯಸ್‌ಗೆ ದುಂಡು ಮಾಡಿದಾಗ ನಿಜವಾಗಿಯೇ 108 ಘನ ಮೀಟರ್ ಹೋಗುತ್ತದೆ. ಮಂಜೂರಾತಿಯ ಹಾಳೆಯಲ್ಲಿ ಚೌಕ ಮೂಲೆ, ಮಾದರಿಯಲ್ಲಿ ದುಂಡು ಮೂಲೆ ಇದ್ದರೆ ಶೇಕಡ 2.8ರಷ್ಟು ಕೊರತೆ. 2014-15ರಿಂದ ಕರ್ನಾಟಕದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಕೃಷಿಹೊಂಡದಂಥ ಸರಳ ಆಕಾರವನ್ನೇ ಮೊದಲು ಮಾದರಿ ಮಾಡಿ ಕೈ ಪಳಗಿಸಿಕೊಳ್ಳಬಹುದು. ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್, ದಡ 1:1 ಎಂದಿಟ್ಟರೆ ತಳ 15 ಮೀಟರ್ ಚೌಕ, ನೀರು 981 ಘನ ಮೀಟರ್. ಕೋನಿಕ್ ವಿಧಾನದಲ್ಲೂ (ತುದಿ ಕತ್ತರಿಸಿದ ಶಂಕುವಿನ ಸೂತ್ರದಲ್ಲೂ) ಅದೇ 981 ಬರಬೇಕು. ಒಂದೇ ಹೆಜ್ಜೆಯ ಸರಾಸರಿಯಲ್ಲಿ 999 ಬರುತ್ತದೆ.

ಸರ್ಫೇಸ್ ಕಳಿಸುವ ಮೊದಲು ಇಳಿಜಾರಿನ ಬಣ್ಣ ಹಚ್ಚಿ ನೋಡಿ. ಶೇಕಡ 33ರಿಂದ 33.7ರವರೆಗೆ ಒಂದು ಬಣ್ಣ, ಅದಕ್ಕಿಂತ ಕಡಿದಾದದ್ದಕ್ಕೆ ಕೆಂಪು. ಚೌಕ ಮೂಲೆಯ ಛೇದಗೆರೆಯ ಮೇಲೆ ಅಳೆದರೆ 4.24:1 ಸಿಗಬೇಕು, ಅದರ ಎರಡೂ ಬದಿಯ ತ್ರಿಕೋನಗಳಲ್ಲಿ 3:1. ಮೂಲೆಯಲ್ಲಿ ಶೇಕಡ 47ರ ಕೆಂಪು ತ್ರಿಕೋನ ಕಂಡರೆ ಅದು ಅದೇ 2.12:1, ಮೂಲೆ ಅಡ್ಡಕ್ಕೆ ಕತ್ತರಿಸಿಹೋಗಿದೆ. ಮಣ್ಣು ಕಡಿಯುವ ಯಂತ್ರಕ್ಕೆ ಕೊಡುವ ಲ್ಯಾಂಡ್ ಎಕ್ಸ್‌ಎಂಎಲ್ ಕಡತದಲ್ಲಿ (ಸರ್ಫೇಸನ್ನು ಬೇರೆ ಸಾಫ್ಟ್‌ವೇರಿಗೆ ಸಾಗಿಸುವ ಕಡತದಲ್ಲಿ) ಬಿಂದುಗಳ ಜೊತೆ ತ್ರಿಕೋನಗಳೂ ಹೋಗಿವೆಯೇ ಎಂದು ಖಚಿತ ಮಾಡಿಕೊಳ್ಳಿ. ಬಿಂದುಗಳಷ್ಟೇ ಹೋದರೆ ಆ ಕಡೆಯ ಸಾಫ್ಟ್‌ವೇರ್ ತನ್ನಿಷ್ಟದಂತೆ ತ್ರಿಕೋನ ಹೆಣೆಯುತ್ತದೆ. ಕಡತವನ್ನು ಖಾಲಿ ಡ್ರಾಯಿಂಗಿನಲ್ಲಿ ಮತ್ತೆ ತೆರೆದು, ಮೂಲ ಸರ್ಫೇಸ್ ಜೊತೆ ವಾಲ್ಯೂಮ್ ಸರ್ಫೇಸ್ ಮಾಡಿ ನೋಡಿ. ಕಡಿತ, ತುಂಬ ಎರಡೂ ಸೊನ್ನೆ ಬಂದ ಮೇಲೆ ಕಳಿಸಿ.